ನೆತ್ತರ ನಾಳಕ್ಕೊಂದು ಹೊಲಿಗೆ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆ ಹಳೆಯ ಸೀರೆಗಳನ್ನು ಪದರುಪದರಾಗಿ ಹಾಸಿ ಕೌದಿ ಹೊಲಿಯುವುದನ್ನು ವಾಚಕರು ನೋಡಿರಬಹುದು. ಹಾನಗಲ್ಲಿನ ನಮ್ಮ ಮನೆಯಲ್ಲಿ ಅವ್ವ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಕನ್ನಡ ಪಾಠ ಹೇಳುವ ನನಗೆ ಶಸ್ತ್ರವೈದ್ಯದ ಗೊಡವೆ ಏಕೆಂದರೆ, ಹೋದ ವರ್ಷ ಹಿರೇಕೆರೂರಿನ ನನ್ನ ತಂಗಿಯ ಮಗಳಿಗೆ ಅದರ ತಂದೆಯೇ ತನ್ನ ಯಕೃತ್ತಿನ ಒಂದು ಭಾಗವನ್ನು ಕೊಟ್ಟ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಾಯುತ್ತ ಕುಳಿತಾಗ ಈ ಇತಿಹಾಸವನ್ನು ಓದಿದೆ.

1894ರ ಜೂನ್ 24ರಂದು ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಅಧ್ಯಕ್ಷ ಸಾದಿ ಕಾರ್ನೊನನ್ನು ಒಬ್ಬ ಇರಿದ. ಕಠಾರಿ ಯಕೃತ್ತಿಗೆ ರಕ್ತ ಒಯ್ಯುವ ದೊಡ್ಡ ಸಿರೆಯನ್ನೇ ಸೀಳಿತ್ತು. ನುರಿತ ವೈದ್ಯರು ಸುತ್ತ ನೆರೆದಿದ್ದರೂ ಅದನ್ನು ಹೊಲಿಯಬಲ್ಲವರಿರಲಿಲ್ಲ. ನಡುರಾತ್ರಿ ಕಳೆಯುತ್ತಲೇ ಆತ ತೀರಿಕೊಂಡ. ಅದೇ ಊರಿನ ತರುಣ ವೈದ್ಯ ಅಲೆಕ್ಸಿ ಕ್ಯಾರೆಲ್‌ನಿಗೆ ಈ ಸಾವು ನಾಟಿತು. ಕಸೂತಿಗಾರ್ತಿಯೊಬ್ಬಳಲ್ಲಿ ಅವನು ಸೂಜಿಯ ಕೆಲಸ ಕಲಿತನೆಂದು ಹೇಳುತ್ತಾರೆ. 1902ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದ. ನಾಳದ ಬಾಯಿಗೆ ಮೂರು ಕಡೆ ದಾರ ಹಾಕಿ ಜಗ್ಗಿದರೆ ದುಂಡು ಬಾಯಿ ತ್ರಿಕೋನವಾಗುತ್ತದೆ. ನೇರವಾದ ಅಂಚನ್ನು ಹೊಲಿಯುವುದು ಸುಲಭ. 1912ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಅವ್ವ ಕೇಳಿದ್ದರೆ, “ಅಷ್ಟಕ್ಕ ಇನಾಮು ಕೊಟ್ರೇನು?” ಎನ್ನುತ್ತಿದ್ದಳೇನೋ!

ಆದರೆ ಹೊಲಿಗೆಯೊಂದೇ ಸಾಲದು. 1963ರ ಮಾರ್ಚ್ 1ರಂದು ಅಮೆರಿಕದ ಡೆನ್ವರಿನಲ್ಲಿ ಥಾಮಸ್ ಸ್ಟಾರ್ಜಲ್ ಮೂರು ವರ್ಷದ ಕೂಸಿಗೆ ಯಕೃತ್ತು ಕಸಿ ಮಾಡಲು ಹೊರಟಾಗ, ರಕ್ತಸ್ರಾವ ನಿಲ್ಲದೆ ಕೂಸು ಮೇಜಿನ ಮೇಲೆಯೇ ಹೋಯಿತು. ಮುಂದಿನ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟಲು ಔಷಧ ಕೊಟ್ಟರೆ, ಆ ಹೆಪ್ಪೇ ಶ್ವಾಸಕೋಶಕ್ಕೆ ಸೇರಿ ಪ್ರಾಣ ತೆಗೆಯಿತು. 1967ರಲ್ಲಿ ಅವನಿಗೆ ಮೊದಲ ಜಯ. ನಮ್ಮ ದೇಶದಲ್ಲಿ 1998ರಲ್ಲಿ, ದೆಹಲಿಯಲ್ಲಿ.

ಅಂದಿನ ಆ ಇಕ್ಕಟ್ಟು ಇಂದಿಗೂ ಪೂರ್ತಿ ಹೋಗಿಲ್ಲ. ಯಕೃತ್ತಿನ ರಕ್ತದ ಸುಮಾರು ಮುಕ್ಕಾಲು ಪಾಲು ಸಿರೆಯಿಂದಲೇ ಬರುತ್ತದೆ. ಆದರೆ ಪಿತ್ತನಾಳಗಳು ಬದುಕುವುದು ಸಣ್ಣ ಧಮನಿಯನ್ನು ನಂಬಿ. ಮಕ್ಕಳಲ್ಲಿ ಅದು ಕೆಲವೇ ಮಿಲಿಮೀಟರು. ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳ್ಳನೆಯ ದಾರದಿಂದ ಹೊಲಿದರೂ ಒಳಗೆ ಹೆಪ್ಪುಗಟ್ಟಬಹುದು. ಅದಕ್ಕಾಗಿಯೇ ಡಾಪ್ಲರ್ ಯಂತ್ರ ಹಿಡಿದು ದಿನವೂ ಹರಿವನ್ನು ನೋಡುತ್ತಾರೆ. ಬೇಗ ತಿಳಿದರೆ ಹೆಪ್ಪು ತೆಗೆದು ಮತ್ತೆ ಹೊಲಿಯಬಹುದು. ತಡವಾದರೆ ಇನ್ನೊಂದು ಯಕೃತ್ತನ್ನೇ ಹುಡುಕಬೇಕು.

ಮೂರನೆಯ ದಿನ ನಮ್ಮ ಮಗುವಿನ ಧಮನಿಯಲ್ಲಿ ಹರಿವು ಕಾಣಲಿಲ್ಲ. ಮತ್ತೆ ಒಳಗೆ ಒಯ್ದರು. ತಂಗಿ ಊರಿಂದ ತಂದಿದ್ದ ಅವ್ವನ ಕೌದಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಮಾತಿಲ್ಲದೆ ಕುಳಿತಳು. ಬೆಳಗಿನ ಜಾವ ವೈದ್ಯರು ಹೊರಬಂದು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ, ಆಕೆಗೆ ಕೇಳಿಸಿತ್ತು.

“ರಕ್ತ ಹರಿಯಾಕತ್ತೈತಂತ, ಅಣ್ಣಾ,” ಅಂದಳು.