ತವರು ಬಿಟ್ಟ ರಾಜಕುಮಾರಿಯರು

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಯೂರೋಪಿನ ಅರಮನೆಗಳ ಚರಿತ್ರೆ ಓದಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಆ ಅರಮನೆಗಳಿಗೆ ಸೊಸೆಯರು ಹೆಚ್ಚಾಗಿ ಬರುತ್ತಿದ್ದುದು ಜರ್ಮನಿಯಿಂದ. 1871ರವರೆಗೆ ಜರ್ಮನಿ ಒಂದೇ ದೇಶವಾಗಿರಲಿಲ್ಲ; ಸಣ್ಣಪುಟ್ಟ ಸಂಸ್ಥಾನಗಳ ಗುಂಪಾಗಿತ್ತು. ಅಂತಸ್ತಿಗೆ ಸರಿಹೊಂದುವ ಹೆಣ್ಣುಗಳು ಅಲ್ಲಿ ಬೇಕಾದಷ್ಟು. ಕ್ಯಾಥೊಲಿಕರನ್ನು ಮದುವೆಯಾದವರಿಗೆ ಸಿಂಹಾಸನವಿಲ್ಲವೆಂದು 1701ರಲ್ಲಿ ಕಾಯಿದೆ ಮಾಡಿದ್ದ ಇಂಗ್ಲೆಂಡಿಗೆ ಅಲ್ಲಿನ ಪ್ರಾಟೆಸ್ಟೆಂಟ್ ಮನೆತನಗಳೇ ಅನುಕೂಲ. 1714ರಲ್ಲಿ ಅರಸನಾಗಿ ಬಂದ ಒಂದನೆಯ ಜಾರ್ಜನೂ ಹ್ಯಾನೋವರಿನವನೇ.

1761ರಲ್ಲಿ ಮೆಕ್ಲೆನ್‌ಬರ್ಗಿನ 17 ವರ್ಷದ ಷಾರ್ಲಟ್ ಲಂಡನ್ನಿಗೆ ಬಂದಿಳಿದಳು. ಮೂರನೆಯ ಜಾರ್ಜನ ಮುಖ ನೋಡಿದ ರಾತ್ರಿಯೇ ಅವಳ ಮದುವೆ. ಇಂಗ್ಲಿಷ್ ಬಾರದು. ಮುಂದೆ 15 ಮಕ್ಕಳ ತಾಯಿಯಾದಳು. 1744ರಲ್ಲಿ ರಷ್ಯಕ್ಕೆ ಹೋದ ಸೋಫಿಗೆ ಇನ್ನೂ 14 ವರ್ಷ. ಅವಳು ಮತ ಬಿಟ್ಟಳು, ಹೆಸರೂ ಬಿಟ್ಟಳು. 1762ರಲ್ಲಿ ಗಂಡನನ್ನೇ ಗಾದಿಯಿಂದಿಳಿಸಿ 34 ವರ್ಷ ಆಳಿದ ಕ್ಯಾಥರೀನ್ ಅವಳೇ. ಎಲ್ಲರಿಗೂ ಅಂಥ ಎದೆಗಾರಿಕೆ, ಅದೃಷ್ಟ ಎಲ್ಲಿಂದ ಬರಬೇಕು?

ವಿಕ್ಟೋರಿಯಾ ರಾಣಿಯ ಹಿರಿಮಗಳು 1858ರಲ್ಲಿ ಪ್ರಷ್ಯದ ಸೊಸೆಯಾದಳು. ಬರ್ಲಿನ್ನಿನವರು ಅವಳನ್ನು 'ಆ ಇಂಗ್ಲಿಷಿನವಳು' ಎಂದೇ ಕರೆದರು. ಅವಳ ಮಗನೇ ಕೈಸರ್ ಎರಡನೆಯ ವಿಲ್ಹೆಲ್ಮ್. ಅವಳ ತಂಗಿ ಆಲಿಸಳನ್ನು ಜರ್ಮನಿಯ ಹೆಸ್ಸೆಗೆ ಕೊಟ್ಟರು. ಆಲಿಸಳ ಮಗಳು ಅಲಿಕ್ಸ್ ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡು ಅಜ್ಜಿ ವಿಕ್ಟೋರಿಯಾಳ ಅಕ್ಕರೆಯಲ್ಲಿ ಬೆಳೆದವಳು. 1894ರಲ್ಲಿ ರಷ್ಯದ ನಿಕೊಲಸನ ಕೈಹಿಡಿದು ಅಲೆಕ್ಸಾಂಡ್ರ ಆದಳು.

1914ರಲ್ಲಿ ಯುದ್ಧ ಬಂತು. ಇಂಗ್ಲೆಂಡಿನ ಐದನೆಯ ಜಾರ್ಜ್, ಕೈಸರ್, ಅಲೆಕ್ಸಾಂಡ್ರ, ಮೂವರೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ಇದನ್ನು ಹೇಳಿದರೆ ತರಗತಿಯಲ್ಲಿ ಮಕ್ಕಳು ನಂಬುವುದಿಲ್ಲ. ರಷ್ಯದವರು ಅಲೆಕ್ಸಾಂಡ್ರಳನ್ನು 'ಜರ್ಮನಿಯವಳು' ಎಂದು ದ್ವೇಷಿಸಿದರು. ಜಾರ್ಜನ ಮನೆತನಕ್ಕೂ ಸ್ಯಾಕ್ಸ್-ಕೋಬರ್ಗ್-ಗೋಥಾ ಎಂಬ ಜರ್ಮನ್ ಹೆಸರೇ ಇತ್ತು. ಆದರೆ ಅವನು ಅರಸ. 1917ರ ಜುಲೈನಲ್ಲಿ ಒಂದು ಘೋಷಣೆ ಹೊರಡಿಸಿ 'ವಿಂಡ್ಸರ್' ಎಂದು ಬದಲಿಸಿಕೊಂಡ.

ಅದೇ ವರ್ಷ ಕ್ರಾಂತಿಯಾಗಿ ನಿಕೊಲಸ್ ಪಟ್ಟ ಕಳೆದುಕೊಂಡಾಗ ಇಂಗ್ಲೆಂಡಿನ ಸರ್ಕಾರ ಆ ಸಂಸಾರಕ್ಕೆ ಆಶ್ರಯ ಕೊಡಲು ಒಪ್ಪಿತ್ತು. ಜನರ ಸಿಟ್ಟಿಗೆ ಹೆದರಿದ ಜಾರ್ಜ್ ಬೇಡವೆಂದು ಒತ್ತಾಯಿಸಿದ; ಆ ಮಾತು ಅಲ್ಲಿಗೇ ನಿಂತಿತು. 1918ರ ಜುಲೈನಲ್ಲಿ ಅಲೆಕ್ಸಾಂಡ್ರಳನ್ನು ಗಂಡ ಮತ್ತು ಐದು ಮಕ್ಕಳೊಂದಿಗೆ ಕೊಂದರು. ಇಂಗ್ಲೆಂಡು ಅವಳ ತಾಯಿಯ ತವರು. ಚಿಕ್ಕಂದಿನಲ್ಲಿ ಅವಳು ರಜೆಗೆಂದು ಹೋಗುತ್ತಿದ್ದ ಅಜ್ಜಿಯ ಮನೆ.