ಯೆಹೂದ್ಯರ ಭೋಜನಸ್ತುತಿ

ಉಣ್ಣುವ ಮೊದಲೂ ಉಂಡ ಬಳಿಕವೂ ದೇವರನ್ನು ನೆನೆಯುವುದು ಅನೇಕ ಜನಾಂಗಗಳಲ್ಲಿ ಉಂಟು. ಈ ನೆನಹನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದವರು ಯೆಹೂದ್ಯರು. ಸುಮಾರು ಕ್ರಿ. ಶ. 200ರಲ್ಲಿ ಯೆಹೂದ ಹನಾಸಿ ಎಂಬ ಗುರುವು ಸಂಕಲಿಸಿದ 'ಮಿಷ್ನಾ' ಧರ್ಮಸಂಹಿತೆಯ ಮೊಟ್ಟಮೊದಲ ಪ್ರಕರಣದ ಹೆಸರೇ 'ಬೆರಾಖೋತ್', ಎಂದರೆ ಸ್ತುತಿವಚನಗಳು.

ಮರದ ಹಣ್ಣಿಗೆ ಒಂದು ವಚನ, ನೆಲದ ಬೆಳೆಗೆ ಇನ್ನೊಂದು. ದ್ರಾಕ್ಷಾರಸಕ್ಕೆ ಬೇರೆ, ರೊಟ್ಟಿಗೆ ಬೇರೆ. ನೀರು, ಹಾಲು, ಮೀನು ಮೊದಲಾದವಕ್ಕೆಲ್ಲ ಸಾಮಾನ್ಯವಾದುದೊಂದು. ತಿನ್ನುವವನು ತನ್ನ ಕೈಯಲ್ಲಿರುವುದು ಎಲ್ಲಿ, ಹೇಗೆ ಬೆಳೆಯಿತೆಂಬುದನ್ನು ಅರಿತಿರಲೇಬೇಕು. ಬಾಳೆಹಣ್ಣಿಗೆ ಯಾವ ವಚನವೆಂದು ನೀವು ಕೇಳಬಹುದು. ಬಾಳೆ ಒಮ್ಮೆ ಗೊನೆಬಿಟ್ಟು ಅಳಿಯತಕ್ಕದ್ದು, ಮರವಲ್ಲ. ಆದುದರಿಂದ ನೆಲದ ಬೆಳೆಯ ವಚನವೇ ಅದಕ್ಕೆ ಸಲ್ಲುತ್ತದೆ. 'ಬಾಳೆಯ ಮರ' ಎಂದು ಬರೆಯುವ ನನ್ನ ವಿದ್ಯಾರ್ಥಿಗಳಿಗೆ ಈ ತೀರ್ಪನ್ನು ಹೇಳಿದ್ದುಂಟು. ಸ್ತುತಿಸದೆ ತಿಂದವನು ದೇವರಿಗೆ ಮೀಸಲಾದ ಸೊತ್ತನ್ನು ಅಪಹರಿಸಿದಂತೆ ಎಂದು ತಾಲ್ಮುದ್ ಗ್ರಂಥವು ಕಟುವಾಗಿಯೇ ನುಡಿಯುತ್ತದೆ.

ಉಂಡು ಎದ್ದು, ಸ್ತುತಿಯನ್ನು ಮರೆತು ಹೊರಟುಹೋದವನ ಗತಿಯೇನು? ಉಂಡ ಸ್ಥಳಕ್ಕೇ ಹಿಂದಿರುಗಿ ಹೇಳಲಿ ಎಂದರು ಶಮ್ಮಾಯಿಯ ಪಂಥದವರು. ನೆನಪಾದ ಎಡೆಯಲ್ಲಿಯೇ ಹೇಳಲಿ ಎಂದರು ಹಿಲ್ಲೇಲನ ಪಂಥದವರು. ಉಂಡದ್ದು ಅರಗುವವರೆಗೆ ಅವಕಾಶವಂತೆ! ಹಿಲ್ಲೇಲನ ಕಡೆಯವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರೆಂದು ನನಗೆ ತೋರುತ್ತದೆ.

ರೊಟ್ಟಿಯ ಊಟದ ಅನಂತರ ಹೇಳುವ ಸ್ತುತಿಯಲ್ಲಿ ನಾಲ್ಕು ಭಾಗಗಳಿವೆ. ಅನ್ನವನ್ನು ಕುರಿತ ಮೊದಲನೆಯದು ಮೋಶೆಯದು, ನಾಡನ್ನು ಕುರಿತ ಎರಡನೆಯದು ಯೆಹೋಶುವನದು, ಜೆರೂಸಲೇಮನ್ನು ಕುರಿತ ಮೂರನೆಯದು ದಾವೀದ ಸೊಲೊಮೋನರದು ಎಂಬುದು ತಾಲ್ಮುದಿನ ಹೇಳಿಕೆ. ಇದನ್ನು ಸಂಪ್ರದಾಯವೆಂದು ಕೊಳ್ಳಬೇಕೇ ಹೊರತು ಇತಿಹಾಸವೆಂದಲ್ಲ. ಕ್ರಿ. ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಸುಟ್ಟರು. ಇಂದಿನ ಪಾಠದಲ್ಲಿ ಮೂರನೆಯ ಭಾಗವು ಆ ನಗರವನ್ನು ಮತ್ತೆ ಕಟ್ಟೆಂಬ ಮೊರೆಯಾಗಿದೆ.

ನಾಲ್ಕನೆಯದರ ಕಥೆ ಮನಸ್ಸನ್ನು ಕಲಕುವಂತಹುದು. ಕ್ರಿ. ಶ. 132ರಲ್ಲಿ ಬಾರ್ ಕೋಖ್ಬನ ನೇತೃತ್ವದಲ್ಲಿ ಯೆಹೂದ್ಯರು ರೋಮಿನ ವಿರುದ್ಧ ದಂಗೆ ಎದ್ದರು. 135ರಲ್ಲಿ, ಜೆರೂಸಲೇಮಿನ ನೈಋತ್ಯಕ್ಕಿದ್ದ ಬೇತಾರ್ ಎಂಬ ಅವರ ಕಡೆಯ ಕೋಟೆಯು ಬಿದ್ದಿತು. ಸತ್ತವರನ್ನು ಹೂಳಲು ಚಕ್ರವರ್ತಿ ಹಾಡ್ರಿಯನ್ ಅನುಮತಿಸಲಿಲ್ಲವೆಂದೂ, ಮುಂದೆ ಬಂದ ಅರಸನು ಅನುಮತಿಯಿತ್ತನೆಂದೂ ಯೆಹೂದ್ಯರ ಗ್ರಂಥಗಳು ಹೇಳುತ್ತವೆ. ಹೆಣಗಳಿಗೆ ಮಣ್ಣು ದೊರೆತ ಆ ದಿನ, ಯಾವ್ನೆಯ ಪಂಡಿತರು ದೇವರನ್ನು ಒಳ್ಳೆಯವನೆಂದೂ ಒಳಿತನ್ನು ಮಾಡುವವನೆಂದೂ ಕೊಂಡಾಡುವ ವಚನವನ್ನು ಊಟದ ಸ್ತುತಿಗೆ ಸೇರಿಸಿದರಂತೆ. ಒಳ್ಳೆಯವನೇಕೆ? ಅಷ್ಟು ಕಾಲ ಬಿದ್ದಿದ್ದ ಹೆಣಗಳು ಕೊಳೆಯಲಿಲ್ಲ. ಒಳಿತನ್ನು ಮಾಡಿದುದೇನು? ಅವುಗಳಿಗೆ ಸಮಾಧಿ ದೊರೆಯಿತು. ಸೋತವರು, ನಾಡನ್ನು ಕಳೆದುಕೊಂಡವರು, ಇಷ್ಟಕ್ಕೇ ದೇವರಿಗೆ ಕೃತಜ್ಞರಾದರು. ಮದುವೆಯ ಔತಣವಿರಲಿ, ಮಕ್ಕಳೊಡನೆ ಕುಳಿತು ಮುಗಿಸಿದ ದಿನದ ಊಟವಿರಲಿ, ರೊಟ್ಟಿಯನ್ನು ಉಂಡ ಆಚಾರವಂತ ಯೆಹೂದ್ಯರು ಇಂದಿಗೂ ಆ ವಚನವನ್ನು ಹೇಳಿಯೇ ಏಳುತ್ತಾರೆ.