ಪದ ಪರಿಚಯ: ಸಿದ್ದಿ

ಸಿದ್ದಿ (ನಾ): ಆಫ್ರಿಕಾ ಮೂಲದ, ಶತಮಾನಗಳಿಂದ ಕರ್ನಾಟಕದಲ್ಲಿ ನೆಲೆಸಿರುವ ಸಮುದಾಯ. ಮಹಾಪ್ರಾಣವುಳ್ಳ ಸಂಸ್ಕೃತದ ‘ಸಿದ್ಧಿ’ಗೂ ಇದಕ್ಕೂ ನಂಟಿಲ್ಲ. ಅರಬ್ಬಿಯ ‘ಸಯ್ಯಿದಿ’, ಅಂದರೆ ‘ನನ್ನೊಡೆಯ’ ಎಂಬುದರಿಂದ ಬಂದ ಪದವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮಹಾರಾಷ್ಟ್ರ ಕರಾವಳಿಯ ಜಂಜಿರಾ ಕೋಟೆಯನ್ನಾಳಿದ ಆಫ್ರಿಕನ್ ಮೂಲದವರಿಗೆ ಇದು ಬಿರುದಾಗಿತ್ತು.

ಇದರ ಜೊತೆಗಾರ ಪದ ‘ಹಬಶಿ’. ಇಥಿಯೋಪಿಯಾ ಸೀಮೆಗೆ ಅರಬ್ಬಿಯಲ್ಲಿರುವ ‘ಹಬಶ್’ ಎಂಬ ಹೆಸರಿನಿಂದ ಹುಟ್ಟಿದ್ದು. ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತವನ್ನೇ ನಡೆಸಿದ ಮಲಿಕ್ ಅಂಬರ್, ಬಿಜಾಪುರದ ಆದಿಲ್‌ಶಾಹಿಯಲ್ಲಿ ಅಧಿಕಾರ ನಡೆಸಿದ ಇಖ್ಲಾಸ್ ಖಾನ್ ಇಬ್ಬರೂ ಹಬಶಿಗಳು.

ಇಂದು ಕರ್ನಾಟಕದಲ್ಲಿ ‘ಸಿದ್ದಿ’ ಎಂದರೆ ಮುಖ್ಯವಾಗಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನ ಊರುಗಳ ಜನ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಡಮಾಮಿ ಕುಣಿತ ಅವರದು. ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಕೂರಿಸಿದ ಹೂಗಳಿರುತ್ತವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಸಿದ್ದಿಗಳೂ ಸೇರಿದಂತೆ, ಆಫ್ರಿಕಾ ಮತ್ತು ಅಲ್ಲಿಂದ ಲೋಕವೆಲ್ಲ ಹರಡಿದ ಜನರ ಚರಿತ್ರೆ, ಕಲೆ, ಬದುಕನ್ನು ಒಟ್ಟಾಗಿ ಕಲಿಸುವ ಶಾಸ್ತ್ರವೇ ಆಫ್ರಿಕಾನಾ ಅಧ್ಯಯನ. ದೆಹಲಿ, ಮುಂಬಯಿ ವಿಶ್ವವಿದ್ಯಾಲಯಗಳಲ್ಲಿ ಆಫ್ರಿಕಾ ಅಧ್ಯಯನಕ್ಕೆಂದೇ ವಿಭಾಗಗಳಿವೆ. ಹೊಳಲ್ಕೆರೆಯಲ್ಲಿ ಇತಿಹಾಸವನ್ನು ಐಚ್ಛಿಕವಾಗಿ ಓದುತ್ತಿರುವ ಪದವಿ ವಿದ್ಯಾರ್ಥಿಗಳೇ, ಈ ವಿಷಯ ನಿಮ್ಮನ್ನು ಸೆಳೆದರೆ ಹೊರದೇಶದ ಪುಸ್ತಕಕ್ಕಾಗಿ ಕಾಯಬೇಡಿ. ಯಲ್ಲಾಪುರದಿಂದಲೇ ಓದು ಶುರುಮಾಡಿ.